ಅಪ್‌ಡೇಟ್: ಬೆಳಗಿನ ಹೊತ್ತು ಎಂಜಿನ್ ಕಷ್ಟಪಟ್ಟು ತಿರುಗುತ್ತಿದ್ದುದಕ್ಕೆ ಕಾರಣ ಸಿಕ್ಕಿತು

ಗಾಡಿಯ ಬ್ಯಾಟರಿ ಹೊಸದಾಗಿದ್ದರೂ ಬೆಳಗಿನ ಹೊತ್ತು ಸ್ಟಾರ್ಟರ್ (ಎಂಜಿನ್ ಚಾಲೂ ಮಾಡುವ ಮೋಟಾರ್) ಏದುಸಿರು ಬಿಡುವಂತೆ ತಿರುಗುತ್ತದೆ ಎಂದು ಕೇಳಿದ್ದೆ. ಈಗ ಅದು ಸಂಪೂರ್ಣವಾಗಿ ಸರಿಹೋಗಿದೆ. ಸಲಹೆ ಕೊಟ್ಟ ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು.

ಅಡುಗೆ ಸೋಡಾ ಬೆರೆಸಿದ ನೀರಿನಿಂದ ಟರ್ಮಿನಲ್‌ಗಳನ್ನು ತೊಳೆದದ್ದರಿಂದ ವ್ಯತ್ಯಾಸವೇನೂ ಕಾಣಲಿಲ್ಲ. ಸ್ಟಾರ್ಟರ್ ಬದಲಿಸುವ ತನಕ ಹೋಗಬೇಕಾಗಿಯೂ ಬರಲಿಲ್ಲ. ಫಲ ಕೊಟ್ಟದ್ದು ಅರ್ತ್ ಕೇಬಲ್ (ಬ್ಯಾಟರಿಯ ನೆಗೆಟಿವ್ ತುದಿಯನ್ನು ಎಂಜಿನ್ನಿಗೆ ಜೋಡಿಸುವ ತಂತಿ) ಪರೀಕ್ಷಿಸಿ ಎಂಬ ಸಲಹೆ. ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಮಲ್ಟಿಮೀಟರ್‌ನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ತುದಿಗೂ ಇನ್ನೊಂದನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೂ ಒತ್ತಿಹಿಡಿದು, ಮನೆಯವರಿಂದ ಕೀಲಿ ತಿರುಗಿಸಿದಾಗ 1.3 ವೋಲ್ಟ್ ತೋರಿಸಿತು, ಅದು 0.5ಕ್ಕಿಂತ ಕಡಿಮೆಯಿರಬೇಕು. ನೆಗೆಟಿವ್ ಟರ್ಮಿನಲ್ ಕಳಚಿ ಕೇಬಲ್ಲಿನ ಬೋಲ್ಟ್ ಬಿಚ್ಚಿದರೆ, ಹೊರಗಿನಿಂದ ಅಚ್ಚುಕಟ್ಟಾಗಿ ಕಾಣುತ್ತಿದ್ದ ಲಗ್ಗಿನ (ಕೇಬಲ್ ತುದಿಯ ಲೋಹದ ಬಳೆಯ) ಅಡಿಯಲ್ಲಿ ಕಂದು ತುಕ್ಕು ಪದರಗಟ್ಟಿತ್ತು. ಮರಳುಕಾಗದದಿಂದ ಎರಡೂ ಮೈಗಳನ್ನು ಹೊಳೆಯುವಷ್ಟು ಉಜ್ಜಿ ಬಿಗಿದ ಮೇಲೆ ಮೀಟರ್ 0.2 ತೋರಿಸಿತು.

ನನಗೆ ಅಚ್ಚರಿಯೆನಿಸಿದ್ದು, ಮಲ್ಟಿಮೀಟರ್‌ನ ಓಮ್ (ಪ್ರತಿರೋಧದ) ಅಳತೆಯಲ್ಲಿ ಇದೇ ಕೇಬಲ್ ಮೊದಲು ನಿರ್ದೋಷವಾಗಿ ಕಂಡಿದ್ದುದು. ಸ್ಟಾರ್ಟರ್ 100 ಆಂಪಿಯರ್ ಎಳೆಯುವಾಗ ಕೇವಲ 0.01 ಓಮ್ ಪ್ರತಿರೋಧವೂ ಒಂದು ವೋಲ್ಟನ್ನು ನುಂಗಿಬಿಡುತ್ತದೆ. ಅಷ್ಟು ಸಣ್ಣ ಪ್ರತಿರೋಧ ಸಾಮಾನ್ಯ ಮಲ್ಟಿಮೀಟರ್‌ನ ಕಣ್ಣಿಗೆ ಬೀಳುವುದೇ ಇಲ್ಲ. ಆದ್ದರಿಂದ ಇದೇ ತೊಂದರೆ ಇರುವವರು ಬ್ಯಾಟರಿ ಬದಲಿಸುವ ಮೊದಲು, ಸ್ಟಾರ್ಟರ್ ಎಂಜಿನ್ನನ್ನು ತಿರುಗಿಸುತ್ತಿರುವಾಗಲೇ ಹೀಗೆ ವೋಲ್ಟೇಜ್ ಅಳೆದು ನೋಡಿ.