ಪದಚರ್ಚೆ: 'ಜೀವನಾಂಶ'ದಲ್ಲಿ ಇರುವ ಅಂಶ ಯಾವುದು? 'ಬಿಡುಗಡೆ ಪತ್ರ' ಎಂದರೆ ಯಾವ ಪತ್ರ?

ಬಳಗದ ಎಲ್ಲರಿಗೂ ನಮಸ್ಕಾರ.

ಚಿಂತಾಮಣಿಯಲ್ಲಿ ಕೋರ್ಟಿನ ಹತ್ತಿರ ನಮ್ಮದೊಂದು ಟೈಪಿಂಗ್, ಜೆರಾಕ್ಸ್ ಅಂಗಡಿ ಇದೆ. ನಾನು ವಕೀಲನೂ ಅಲ್ಲ, ಪಂಡಿತನೂ ಅಲ್ಲ. ವಕೀಲರು ಬರೆದುಕೊಟ್ಟಿದ್ದನ್ನು 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿ ಕೊಡುವುದು ನನ್ನ ಕೆಲಸ. ಆದರೆ ಟೈಪ್ ಆದ ಮೇಲೆ ಜನ ನನ್ನ ಹತ್ತಿರವೇ 'ಇದರಲ್ಲಿ ಏನು ಬರೆದಿದೆ, ಸ್ವಲ್ಪ ಓದಿ ಹೇಳಪ್ಪ' ಅನ್ನುತ್ತಾರೆ. ಓದಿದರೆ ಸಾಕಾಗುವುದಿಲ್ಲ, ಅರ್ಥವೂ ಬೇಕು. ಅಲ್ಲೇ ನಾನು ಸಿಕ್ಕಿಹಾಕಿಕೊಳ್ಳುವುದು.

ಕಳೆದ ತಿಂಗಳು ಹಳ್ಳಿಯ ಒಬ್ಬ ಹೆಣ್ಣುಮಗಳು ಒಂದು ಛಾಪಾ ಕಾಗದ ಹಿಡಿದುಕೊಂಡು ಬಂದರು. ತಲೆಬರಹ 'ಬಿಡುಗಡೆ ಪತ್ರ'. ಗಂಡನ ಕಡೆಯವರು ಬರೆಸಿ ಕಳಿಸಿದ್ದು. 'ಅಣ್ಣ, ಇದಕ್ಕೆ ಸೈನ್ ಹಾಕಿದರೆ ಡೈವರ್ಸ್ ಆಗೋಯ್ತದಂತೆ, ಹೌದಾ?' ಎಂದು ಕೇಳಿದರು. ಮೊದಲ ಪುಟದಲ್ಲಿ ಇಬ್ಬರೂ ತಮ್ಮ ತಮ್ಮ ದಾರಿ ನೋಡಿಕೊಳ್ಳುವ ಮಾತು ಇತ್ತು. ಎರಡನೇ ಪುಟದಲ್ಲಿ, ಇನ್ನು ಮುಂದೆ ನನಗಾಗಲಿ ನನ್ನ ಮಕ್ಕಳಿಗಾಗಲಿ ಗಂಡನ ಮನೆಯ ಸ್ವತ್ತಿನಲ್ಲಿ ಯಾವುದೇ ಹಕ್ಕು, ಅಂಶ, ಜೀವನಾಂಶ ಇರುವುದಿಲ್ಲ ಎಂದು ಬರೆದಿತ್ತು.

ಒಂದೇ ಹೆಸರಿನಡಿ ಎರಡು ಪತ್ರ! ನಮ್ಮ ಕಡೆ ಹಳಬರು ಡೈವರ್ಸಿಗೆ ಬಿಡುಗಡೆ ಅನ್ನುತ್ತಾರೆ. 'ಅವರಿಗೆ ಬಿಡುಗಡೆ ಆಗಿದೆ' ಎಂದರೆ ಗಂಡ ಹೆಂಡತಿ ಬೇರೆ ಆಗಿದ್ದಾರೆ ಎಂದು ಅರ್ಥ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಬಿಡುಗಡೆ ಪತ್ರ ಎಂದರೆ ಅಣ್ಣತಮ್ಮ ಅಕ್ಕತಂಗಿಯರಲ್ಲಿ ಒಬ್ಬರು ಜಮೀನಿನ ಹಕ್ಕು ಬಿಟ್ಟುಕೊಡುವುದು. ಇದನ್ನೇ ಕೆಲವರು ಹಕ್ಕು ಖುಲಾಸೆ ಅನ್ನುತ್ತಾರೆ. ಆಕೆ ಮೊದಲ ಅರ್ಥ ಹಿಡಿದುಕೊಂಡು ಬಂದಿದ್ದರು. ಕಾಗದ ಎರಡನೇ ಅರ್ಥದ ಕೆಲಸವನ್ನೂ ಜೊತೆಯಲ್ಲೇ ಮಾಡಿಸಿಕೊಳ್ಳಲು ಹೊರಟಿತ್ತು.

ಇನ್ನೂ ಒಂದು ವಿಷಯ. ಈ ಕಾಗದದಿಂದ ಮೊದಲ ಕೆಲಸವೂ ಆಗುವುದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯಡಿ ಮದುವೆ ಮುರಿಯುವುದು ಕೋರ್ಟಿನ ಡಿಕ್ರಿಯಿಂದ, ಅಂದರೆ ತೀರ್ಪಿನ ಆದೇಶದಿಂದ. ನೋಟರಿ ಸೀಲು ಬಿದ್ದ ಮಾತ್ರಕ್ಕೆ ಆಗುವುದಿಲ್ಲ. ಕೆಲವು ಜಾತಿಗಳಲ್ಲಿ ಪಂಚಾಯ್ತಿಯಲ್ಲಿ ಬಿಡುಗಡೆ ಮಾಡುವ ರೂಢಿ ಇತ್ತು, ಅಂಥ ರೂಢಿಯನ್ನು ಕಾಯ್ದೆಯ 29ನೇ ಸೆಕ್ಷನ್ ಉಳಿಸಿಕೊಂಡಿದೆ, ನಿಜ. ಆದರೆ ಆ ರೂಢಿ ಉಂಟು ಎಂದು ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಮಕ್ಕಳ ಪಾಲಂತೂ ತಾಯಿ ಒಂದು ಸೈನ್ ಹಾಕಿದ ಕೂಡಲೇ ಹಾರಿಹೋಗುವುದಲ್ಲ. ಗಂಡ ಹೆಂಡತಿ ಬಿಟ್ಟರೂ ಮಕ್ಕಳು ಆ ಮನೆಯ ಮಕ್ಕಳೇ ಅಲ್ವಾ? ಸೈನ್ ಹಾಕಬೇಡಿ ಎಂದು ಹೇಳಿ ಆಕೆಯನ್ನು ಕೋರ್ಟಿನೊಳಗಿನ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕಳಿಸಿದೆ. ಹೆಂಗಸರಿಗೆ ಅಲ್ಲಿ ವಕೀಲರು ಉಚಿತ, ಆದಾಯದ ಮಿತಿ ಇಲ್ಲ.

ಆಕೆ ಹೋದರು. ಆದರೆ 'ಅಂಶ, ಜೀವನಾಂಶ' ಎನ್ನುವ ಆ ಜೋಡಿ ನನ್ನ ತಲೆಯಲ್ಲೇ ಉಳಿಯಿತು. ಕಾಗದ ಬರೆದವರು ಎರಡನ್ನೂ ಪಕ್ಕಪಕ್ಕ ಕೂರಿಸಿದ್ದು ಸುಮ್ನೆ ಅಲ್ಲ. ಜನ ಎರಡನ್ನೂ ಒಂದೇ ಎಂದುಕೊಂಡಿದ್ದಾರೆ.

ನಮ್ಮ ಕಡೆ ಅಂಶ ಎಂದರೆ ಪಾಲು. ಈಗಿನ ಹುಡುಗರಿಗೆ 'ಮುಖ್ಯ ಅಂಶಗಳು' ಇರಬಹುದು, ಆದರೆ ಪಾಲುಪಟ್ಟಿ ಬರೆಸಲು ಬರುವವರಿಗೆ ಅಂಶ ಎಂದರೆ ಜಮೀನೇ. ಹಾಗಾಗಿ ಜೀವನಾಂಶ ಎಂದ ಕೂಡಲೇ ಗಂಡಿನ ಕಡೆಯವರು 'ನಮ್ಮ ಜಮೀನಿನಲ್ಲಿ ಅವಳಿಗೆ ಯಾಕೆ ಅಂಶ ಕೊಡಬೇಕು' ಎಂದು ಎಗರಾಡುತ್ತಾರೆ. ಹೆಣ್ಣಿನ ಕಡೆಯವರು 'ಅರ್ಧ ಬರುತ್ತದಾ' ಎಂದು ಆಸೆಯಿಂದ ಕೇಳುತ್ತಾರೆ. ಇಬ್ಬರದೂ ತಪ್ಪು. ಡೈವರ್ಸ್ ಆದರೆ ಗಂಡನ ಆಸ್ತಿಯಲ್ಲಿ ಅರ್ಧ ಹೆಂಡತಿಗೆ ಎನ್ನುವ ಕಾನೂನು ನಮ್ಮಲ್ಲಿ ಇಲ್ಲ. ಗೋವಾದಲ್ಲಿ ಪೋರ್ಚುಗೀಸರ ಕಾಲದ ಸಿವಿಲ್ ಕಾಯ್ದೆ ಉಳಿದಿರುವುದರಿಂದ ಅಲ್ಲಿಯ ಲೆಕ್ಕ ಬೇರೆ. ಇಲ್ಲಿ ಜೀವನಾಂಶ ಎಂದರೆ ಬದುಕಲು ಬೇಕಾದ ಖರ್ಚು, ಅಷ್ಟೆ. ಇಬ್ಬರ ಹೆಸರಿನಲ್ಲೂ ಕೊಂಡ ಸೈಟು ಇದ್ದರೆ ಅದರಲ್ಲಿ ಅವಳ ಪಾಲು ಅವಳದು. ಆದರೆ ಅದು ಜೀವನಾಂಶ ಅಲ್ಲ.

ಹಾಗಾದರೆ ಈ ಪದಕ್ಕೆ ಅಂಶ ಎಲ್ಲಿಂದ ಬಂತು? ನನ್ನ ಊಹೆ ಒಂದಿದೆ. ನಮ್ಮ ಅಜ್ಜಿಯ ಊರಿನಲ್ಲಿ ಒಂದು ತಾಕಿಗೆ 'ಜೀವನಾಂಶದ ಹೊಲ' ಎಂದೇ ಹೆಸರಿತ್ತು. ಚಿಕ್ಕ ವಯಸ್ಸಿನಲ್ಲಿ ಗಂಡ ತೀರಿಕೊಂಡ ಒಬ್ಬರಿಗೆ ಊಟಕ್ಕೆಂದು ಮನೆಯವರು ಬಿಟ್ಟುಕೊಟ್ಟ ಹೊಲ. ಆ ಕಾಲಕ್ಕೆ ಅವರಿಗೆ ಪಾಲು ಕೇಳುವ ಹಕ್ಕು ಇರಲಿಲ್ಲ, ಬೆಳೆ ತಿಂದುಕೊಂಡಿರಬಹುದಿತ್ತು. ಅಂದರೆ ಪಾಲು ಇಲ್ಲದವರಿಗೆ ಕೊಡುವ ಪಾಲು! ಆಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 14ನೇ ಸೆಕ್ಷನ್ ಬಂದು, ಹೆಂಗಸಿಗೆ ಜೀವನಾಂಶದ ಬಾಬ್ತು ಸಿಕ್ಕ ಸ್ವತ್ತು ಅವಳ ಸ್ವಂತದ್ದೇ ಆಗುವಂತೆ ಮಾಡಿತು. 1977ರಲ್ಲಿ ತುಳಸಮ್ಮ ಅವರ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿ ಮಾಡಿತು. ಹೀಗೆ ಪದದೊಳಗೆ ಹೊಲದ ವಾಸನೆ ಉಳಿದುಕೊಂಡಿರಬಹುದೇ? ಹಳೆಯ ಶಾಸನ, ಕಡತ ಓದುವವರು ಬಳಗದಲ್ಲಿ ಇದ್ದೀರಿ. ತಿಳಿಸಿ.

ಇತ್ತೀಚೆಗೆ ಇನ್ನೊಂದು ಅಂಶ ಸೇರಿಕೊಂಡಿದೆ. 2017ರಲ್ಲಿ ಸುಪ್ರೀಂ ಕೋರ್ಟ್ ಒಂದು ಕೇಸಿನಲ್ಲಿ ಗಂಡನ ಕೈಗೆ ಬರುವ ಸಂಬಳದ ನೂರಕ್ಕೆ 25 ಕೊಡುವುದು ಸರಿ ಎಂದಿತು. ಆಗಿನಿಂದ 'ಜೀವನಾಂಶ ಅಂದ್ರೆ ಕಾಲುಭಾಗ' ಎಂಬ ಮಾತು ಟೀ ಅಂಗಡಿಗೂ ಬಂದಿದೆ. ಕಾಯ್ದೆಯಲ್ಲಿ ಅಂಥ ಲೆಕ್ಕ ಇಲ್ಲ. ಇಬ್ಬರ ಆದಾಯ, ಆಸ್ತಿ, ಹಿಂದೆ ಬದುಕಿದ ರೀತಿ, ಮಕ್ಕಳ ಓದು ಇವನ್ನೆಲ್ಲ ನೋಡಿ ಕೋರ್ಟು ಹೇಳುತ್ತದೆ. ಅದನ್ನು ನೋಡುವುದಕ್ಕೆಂದೇ ಸುಪ್ರೀಂ ಕೋರ್ಟಿನ 2020ರ ನವೆಂಬರಿನ ರಜನೇಶ್–ನೇಹಾ ತೀರ್ಪಿನ ನಂತರ ಇಬ್ಬರೂ ಒಂದೊಂದು ಪ್ರಮಾಣಪತ್ರ ಕೊಡಬೇಕು. ಹೆಸರು 'ಆಸ್ತಿ ಮತ್ತು ಹೊಣೆಗಾರಿಕೆಗಳ ಪ್ರಮಾಣಪತ್ರ'. ಹೊಣೆಗಾರಿಕೆ ಎಂದರೆ ಏನು ಬರೆಸುತ್ತೀರಿ ಎಂದು ಒಬ್ಬರನ್ನು ಕೇಳಿದೆ. 'ವಯಸ್ಸಾದ ತಾಯಿ, ತಂಗಿ ಮದುವೆ, ಎರಡು ಸೀಮೆಹಸು' ಎಂದರು. ತಾಯಿಗೆ ಅದರಲ್ಲಿ ಬೇರೆ ಕಾಲಂ ಇದೆ. ಹಸು ಆಸ್ತಿಯ ಕಡೆ ಹೋಗಬೇಕು. ಹೊಣೆಗಾರಿಕೆಯಲ್ಲಿ ಬರಬೇಕಾದದ್ದು ಆ ಹಸುಗಳ ಮೇಲೆ ಮಾಡಿದ ಬ್ಯಾಂಕ್ ಸಾಲ! 'ಸಾಲಸೋಲ' ಎಂದು ಹಾಕಿದ್ದರೆ ಒಂದೇ ಏಟಿಗೆ ತಿಳಿಯುತ್ತಿತ್ತು.

'ಮಧ್ಯಂತರ ಜೀವನಾಂಶ'ದ ಕಥೆ ಇನ್ನೂ ಚೆನ್ನಾಗಿದೆ. ಕೇಸು ನಡೆಯುತ್ತಿರುವಾಗ ತಿಂಗಳು ತಿಂಗಳು ಕೊಡುವ ಖರ್ಚು, ಜೊತೆಗೆ ಕೇಸಿನ ಖರ್ಚು. ಹಿಂದೂ ವಿವಾಹ ಕಾಯ್ದೆಯ 24ನೇ ಸೆಕ್ಷನ್. ನಮ್ಮ ಜನಕ್ಕೆ ಮಧ್ಯಂತರ ಗೊತ್ತಿರುವುದು ಸಿನಿಮಾದಿಂದ. 'ಇಂಟರ್ವಲ್ ಟೈಮಲ್ಲಿ ಮಾತ್ರ ಕೊಡೋದಾ ಸ್ವಾಮಿ?' ಎಂದು ಒಬ್ಬರು ತಮಾಷೆ ಮಾಡಿದರು. ಇನ್ನು ಕೆಲವರು ಇದನ್ನು ಮಧ್ಯಸ್ಥಿಕೆ ಕೇಂದ್ರದ ಜೊತೆ ಕಲಸಿಕೊಂಡು, ರಾಜಿಗೆ ಕೂರಿಸಿದಾಗ ಕೊಡುವ ಹಣ ಎಂದುಕೊಳ್ಳುತ್ತಾರೆ. ಕಾಗುಣಿತದ ಜಗಳ ಬೇರೆ. ಮಧ್ಯ, ಅಂತರ ಸೇರಿದರೆ ಸಂಧಿ ಪ್ರಕಾರ 'ಮಧ್ಯಾಂತರ' ಆಗಬೇಕು ಎಂದು ಒಬ್ಬ ಹಿರಿಯ ವಕೀಲರು ಪ್ರತಿ ಸಲ ತಿದ್ದುತ್ತಾರೆ. ಪೇಪರಿನಲ್ಲಿ ಬರುವುದೆಲ್ಲ 'ಮಧ್ಯಂತರ'. ನಾನು ಅವರಿಗೆ ದೀರ್ಘ ಹಾಕುತ್ತೇನೆ, ಉಳಿದವರಿಗೆ ಹಾಕುವುದಿಲ್ಲ.

ಅಂದ ಹಾಗೆ ಈ 24, 25ನೇ ಸೆಕ್ಷನ್‌ಗಳು ಹೆಂಡತಿಗೆ ಮಾತ್ರ ಅಲ್ಲ. ಕೈಲಾಗದ ಗಂಡನೂ ಕೇಳಬಹುದು. ಇದನ್ನು ಹೇಳಿದರೆ ಅಂಗಡಿಯಲ್ಲಿ ಯಾರೂ ನಂಬುವುದಿಲ್ಲ.

ಇನ್ನು 'ಶಾಶ್ವತ ಜೀವನಾಂಶ'. ನನ್ನ ಮಟ್ಟಿಗೆ ಎಲ್ಲಕ್ಕಿಂತ ಜಾಸ್ತಿ ಮೋಸ ಮಾಡುವ ಪದ ಇದು. ಶಾಶ್ವತ ಎಂದರೆ ಸಾಯುವ ತನಕ ತಿಂಗಳು ತಿಂಗಳು ಎಂದು ಜನ ತಿಳಿಯುತ್ತಾರೆ. ಸೆಕ್ಷನ್ 25 ಹೇಳುವುದು, ಡಿಕ್ರಿ ಕೊಡುವಾಗ ಅಥವಾ ಆಮೇಲೆ ಕೋರ್ಟು ಗೊತ್ತುಮಾಡುವ ಹಣದ ಬಗ್ಗೆ. ಅದು ತಿಂಗಳ ಲೆಕ್ಕದಲ್ಲಿ ಇರಬಹುದು, ಒಂದೇ ಸಲದ ಇಡಿಗಂಟೂ ಆಗಬಹುದು. ಬೇಕಾದರೆ ಅದಕ್ಕೆ ಗಂಡನ ಸ್ಥಿರಾಸ್ತಿಯ ಮೇಲೆ ಭಾರ ಹಾಕಬಹುದು. ಆಸ್ತಿ ಅವಳಿಗೆ ಬರುವುದಿಲ್ಲ, ಋಣಭಾರ ಪತ್ರದಲ್ಲಿ ಸಾಲ ಕಾಣುತ್ತದಲ್ಲ, ಹಾಗೆ. ಪರಿಸ್ಥಿತಿ ಬದಲಾದರೆ ಹಣವನ್ನು ಹೆಚ್ಚು ಕಡಿಮೆ ಮಾಡಬಹುದು. ಪಡೆಯುವವರು ಮರುಮದುವೆ ಆದರೆ ರದ್ದೂ ಮಾಡಬಹುದು. ಹೀಗಿರುವಾಗ ಶಾಶ್ವತ ಎಲ್ಲಿ ಬಂತು? 'ಕೊನೆಯ ಜೀವನಾಂಶ' ಅನ್ನೋಣ ಎಂದರೆ ಅದಕ್ಕೆ ಬೇರೆಯೇ ಧ್ವನಿ ಬರುತ್ತದೆ. 'ಡಿಕ್ರಿ ಜೀವನಾಂಶ' ಎಂದರೆ ಹೇಗೆ?

ಸ್ತ್ರೀಧನದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. 'ಒಡವೆ ವಾಪಸ್ ಕೊಟ್ಟಿದೀವಲ್ಲ, ಅದೇ ಜೀವನಾಂಶ' ಎನ್ನುವವರಿಗೆ ಮಾತ್ರ ಒಂದು ಮಾತು. ತವರಿನವರು ಇಟ್ಟಿದ್ದು, ಗಂಡನ ಮನೆಯವರು ಅವಳಿಗೆಂದೇ ಕೊಟ್ಟಿದ್ದು ಎರಡೂ ಅವಳದೇ. ಗಂಡನ ಬೀರುವಿನಲ್ಲಿ ಇದ್ದರೂ ಅವನು ಕಾಯುವವನು ಅಷ್ಟೆ ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಅವಳ ವಸ್ತು ಅವಳಿಗೆ ಕೊಟ್ಟರೆ ಜೀವನಾಂಶ ಹೇಗೆ ಆಗುತ್ತದೆ?

ಕೆಲವರು ಪದದ ಗೊಡವೆಯೇ ಬೇಡ ಎಂದು ನಂಬರ್ ಹಿಡಿದುಕೊಂಡಿದ್ದರು. '125 ಹಾಕಿದ್ದಾಳೆ' ಎಂದರೆ ಸಾಕಿತ್ತು. ಯಾವ ಧರ್ಮದವರೂ ಜೀವನಾಂಶ ಕೇಳಬಹುದಾದ ಸೆಕ್ಷನ್ ಅದು. ಮುಸ್ಲಿಂ ಹೆಣ್ಣುಮಕ್ಕಳು ತಲಾಖ್ ಆದ ಮೇಲೂ ಅದರಡಿ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಮತ್ತೆ ಹೇಳಿತು. ಆದರೆ ಅದೇ ತಿಂಗಳ 1ನೇ ತಾರೀಖಿನಿಂದ ಹಳೆಯ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) ಹೋಗಿ ಹೊಸದು (ಬಿಎನ್‌ಎಸ್‌ಎಸ್) ಬಂತು. 125 ಇದ್ದದ್ದು 144 ಆಯಿತು! ನಮ್ಮ ಜನಕ್ಕೆ 144 ಎಂದರೆ ಗಲಾಟೆ ಆದಾಗ ಹಾಕುವ ನಿಷೇಧಾಜ್ಞೆ. 'ಹೆಂಡ್ತಿ ನನ್ನ ಮೇಲೆ 144 ಹಾಕವ್ಳೆ' ಎಂದು ಒಬ್ಬರು ಗಾಬರಿಯಿಂದ ಬಂದರು. ನಾಲ್ಕು ಜನ ಗುಂಪು ಸೇರಬಾರದೇನೋ ಎಂದುಕೊಂಡಿದ್ದರು ಪಾಪ. ನಿಷೇಧಾಜ್ಞೆಗೆ ಈಗ 163.

ಜೀವನಾಂಶದ ಆ 144ನೇ ಸೆಕ್ಷನ್ನಿನಲ್ಲಿ ಪದಪ್ರಿಯರು ನೋಡಬೇಕಾದ ಒಂದು ಸಾಲು ಇದೆ. ಅಲ್ಲಿ 'ಹೆಂಡತಿ' ಎಂದರೆ, ಡೈವರ್ಸ್ ಆಗಿ ಮರುಮದುವೆ ಆಗದೆ ಇರುವವಳೂ ಸೇರಿ. ಮದುವೆ ಮುರಿದರೂ ಜೀವನಾಂಶದ ಮಟ್ಟಿಗೆ ಅವಳು ಹೆಂಡತಿಯೇ.

ಕಾನೂನಿಗೆ ಅಷ್ಟು ಚೆನ್ನಾಗಿ ಗೊತ್ತಿರುವುದನ್ನು ನಮ್ಮ ಆಡುಮಾತು ಗೋಜಲು ಮಾಡುತ್ತದೆ. 'ಗಂಡ ಬಿಟ್ಟವಳು' ಎನ್ನುತ್ತೇವೆ. ಯಾರು ಯಾರನ್ನು ಬಿಟ್ಟಿದ್ದು? ಗಂಡನು ಬಿಟ್ಟವಳೋ, ಗಂಡನನ್ನು ಬಿಟ್ಟವಳೋ? ವಿಭಕ್ತಿ ನುಂಗಿಬಿಟ್ಟರೆ ಎರಡೂ ಒಂದೇ. ಕೋರ್ಟಿನಲ್ಲಿ ಎರಡೂ ಒಂದೇ ಅಲ್ಲ. ಕಾರಣವಿಲ್ಲದೆ ಎರಡು ವರ್ಷ ಬಿಟ್ಟು ಹೋಗಿದ್ದರೆ ಅದು ಪರಿತ್ಯಾಗ, ಡೈವರ್ಸಿಗೆ ಅದೇ ಆಧಾರ. ಸಾಕಷ್ಟು ಕಾರಣ ಇಲ್ಲದೆ ಗಂಡನ ಜೊತೆ ಇರಲು ಒಪ್ಪದ ಹೆಂಡತಿಗೆ 144ರಲ್ಲಿ ಜೀವನಾಂಶವೂ ಸಿಗುವುದಿಲ್ಲ. ಸಾಕ್ಷಿ ಹೇಳಲು ಬಂದ ಅಜ್ಜಿಯೊಬ್ಬರು 'ಅವಳು ಗಂಡ ಬಿಟ್ಟವಳು ಸಾರ್' ಎಂದರೆ, ಅದನ್ನು ಬರೆದುಕೊಳ್ಳುವವರು ಯಾವ ವಿಭಕ್ತಿ ಹಾಕುತ್ತಾರೋ ಅದರ ಮೇಲೆ ಒಬ್ಬಳ ತಿಂಗಳ ಖರ್ಚು ನಿಂತಿರುತ್ತದೆ. ಕ್ರಿಯಾಪದವೂ ಹಾಗೇ. ಹೆಂಡತಿಯೇ ಕೇಸು ಹಾಕಿ ಗೆದ್ದರೂ ನಾವು 'ಕೊನೆಗೂ ಅವನು ಡೈವರ್ಸ್ ಕೊಟ್ಟ' ಎನ್ನುತ್ತೇವೆ. ಕೊಟ್ಟಿದ್ದು ಕೋರ್ಟು ತಾನೆ?

ಅಕ್ಕಪಕ್ಕದ ಪದಗಳನ್ನೂ ನೋಡಿದೆ. ಡೈವರ್ಸಿಗೆ ಉತ್ತರ ಕರ್ನಾಟಕದವರು ಹೇಳುವ 'ಸೋಡಚೀಟಿ' ಮರಾಠಿಯಿಂದ ಬಂದದ್ದು, ನಮ್ಮ ಕಡೆ ಅರ್ಥವಾಗುವುದಿಲ್ಲ. ನಮ್ಮ ಮನೆಗಳಲ್ಲಿ ತೆಲುಗು ಜಾಸ್ತಿ. ಡೈವರ್ಸಿಗೆ ತೆಲುಗಿನವರು 'ವಿಡಾಕುಲು' ಎನ್ನುತ್ತಾರೆ. ವಿಡು ನಮ್ಮ ಬಿಡುವೇ, ಆಕು ಎಂದರೆ ಎಲೆ. ಜೀವನಾಂಶಕ್ಕೆ ಅವರದು 'ಮನೋವರ್ತಿ', ಇಲ್ಲವೇ 'ಭರಣಂ'. ಮನೋವರ್ತಿ ಕೇಳಿದರೆ ಕನ್ನಡದವರು ಮನಸ್ಸಿನ ಕಾಯಿಲೆ ಎಂದುಕೊಳ್ಳುತ್ತಾರೆ. ನಮ್ಮ ಅಜ್ಜಿ ಕನ್ನಡದಲ್ಲಿ ಹೇಳುವಾಗ 'ಅನ್ನಬಟ್ಟೆಗೆ ಹಾಕಿದ್ದಾಳೆ' ಎನ್ನುತ್ತಿದ್ದರು. ಇದರಲ್ಲಿ ಅಂಶವೂ ಇಲ್ಲ, ಶಾಶ್ವತವೂ ಇಲ್ಲ. ಏನು ಕೇಳುತ್ತಿದ್ದಾಳೆ ಎಂಬುದು ಮಾತ್ರ ಇದೆ. ಬಾಡಿಗೆ, ಔಷಧಿ, ಮಕ್ಕಳ ಫೀಸು ಅದರೊಳಗೆ ಬರುತ್ತವಾ ಎಂದು ಒಬ್ಬ ಕಿರಿಯ ವಕೀಲರು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ.

ಪಾವಗಡ, ಮಧುಗಿರಿ, ಮುಳಬಾಗಿಲು, ಬಾಗೇಪಲ್ಲಿ ಕಡೆಯವರು ನಿಮ್ಮ ಮನೆಯ ಹಿರಿಯರು ಇದಕ್ಕೆ ಏನೆನ್ನುತ್ತಿದ್ದರು ಎಂದು ಬರೆಯಿರಿ. ಆ ಹೆಣ್ಣುಮಗಳ ಅರ್ಜಿ ಈಗ ನನ್ನ ಮೇಜಿಗೇ ಬಂದಿದೆ. ಸೋಮವಾರದೊಳಗೆ ಟೈಪ್ ಆಗಬೇಕು. ತಲೆಬರಹ ವಕೀಲರು ಹೇಳಿದಂತೆಯೇ ಹೋಗುತ್ತದೆ, ಅದನ್ನು ಮುಟ್ಟುವ ಹಾಗಿಲ್ಲ. ಆದರೆ ಆಕೆಗೆ ಓದಿ ಹೇಳಲು ಒಂದು ಕನ್ನಡದ ಹಾಳೆ ಜೊತೆಗಿಡು ಎಂದು ಅವರೇ ಹೇಳಿದ್ದಾರೆ. ಅದರಲ್ಲಿ 'ಶಾಶ್ವತ ಜೀವನಾಂಶ' ಇರುವ ಕಡೆ ಏನು ಬರೆಯಲಿ?