ಎಸ್‌ಡಿಎಂಸಿ ಅಧ್ಯಕ್ಷೆ ಆಗಿದ್ದೇನೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮೂರ ಸರ್ಕಾರಿ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿಗೆ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಹೋದ ತಿಂಗಳು ನನ್ನನ್ನು ಅಧ್ಯಕ್ಷೆ ಮಾಡಿದರು. ಮಗಳು ಅಲ್ಲೇ ಮೂರನೇ ಕ್ಲಾಸು. "ನೀವು ಸುಮ್ನೆ ಸಹಿ ಹಾಕಿ ಸಾಕು ಅಕ್ಕಾ" ಅಂದರು. ಅಲ್ಲಿಂದಲೇ ತಲೆನೋವು ಶುರು.

2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರು. ಹೆಡ್‌ಮಾಸ್ಟರು ಸದಸ್ಯ ಕಾರ್ಯದರ್ಶಿ. ಶಾಲೆ ಹೇಗೆ ನಡೆಯುತ್ತಿದೆ, ಅನುದಾನ ಸರಿಯಾಗಿ ಖರ್ಚಾಗುತ್ತಿದೆಯಾ ಅಂತ ನೋಡುವುದು, ಶಾಲಾಭಿವೃದ್ಧಿ ಯೋಜನೆ ತಯಾರಿಸುವುದು ನಮ್ಮ ಕೆಲಸ. ಬರೀ ಬಿಸಿಯೂಟದ ರುಚಿ ನೋಡಿ ಬರುವುದಲ್ಲ, ಅಲ್ವಾ?

ಆದರೆ ನಡೆಯುತ್ತಿರುವುದೇ ಬೇರೆ. ಮೊದಲ ಸಭೆಗೆ ಹೆಂಗಸರ ಬದಲು ಅವರ ಗಂಡಂದಿರು ಬಂದು ಕೂತರು. ಎರಡನೆಯದು ನಡೆಯಲೇ ಇಲ್ಲ, ನಡವಳಿ ಪುಸ್ತಕ ಮಾತ್ರ ಸಹಿಗೆ ಮನೆಗೆ ಬಂತು. ನಾನು ಹಾಕಲಿಲ್ಲ. ಸಮಿತಿಯ ಬ್ಯಾಂಕ್ ಖಾತೆ ನನ್ನ ಮತ್ತು ಹೆಡ್‌ಮಾಸ್ಟರ ಹೆಸರಲ್ಲಿ ಜಂಟಿಯಾಗಿದೆ. ಈಗ ಬಿಲ್ ತೋರಿಸದೆ ಚೆಕ್ಕಿಗೆ ಸಹಿ ಕೇಳುತ್ತಿದ್ದಾರೆ. ಮೇಷ್ಟ್ರು ಕೆಟ್ಟವರೇನಲ್ಲ, ಪಾಠ ಚೆನ್ನಾಗಿ ಮಾಡುತ್ತಾರೆ. ಹಳೇ ರೂಢಿ ಅಷ್ಟೇ ಅನ್ನಿಸುತ್ತೆ. ಜಗಳ ಮಾಡಿಕೊಳ್ಳುವ ಮನಸ್ಸಿಲ್ಲ.

ಇಲ್ಲಿ ಎಸ್‌ಡಿಎಂಸಿಯಲ್ಲಿ ಇದ್ದವರು, ಸರ್ಕಾರಿ ಶಾಲೆ ಶಿಕ್ಷಕರು ಯಾರಾದರೂ ಇದ್ದರೆ ಹೇಳಿ. ನಡವಳಿ ಬರೆಯುವುದು ಹೇಗೆ? ಭರ್ತಿ ಮಾಡಿದ ಶಾಲಾಭಿವೃದ್ಧಿ ಯೋಜನೆಯ ಒಂದು ಮಾದರಿ ಸಿಕ್ಕರೆ ತುಂಬಾ ಉಪಕಾರ. ಗಂಡಂದಿರನ್ನು ಮನೆಗೆ ಕಳಿಸಿ ಹೆಂಗಸರನ್ನು ಸಭೆಗೆ ಕರೆಸಿದ ಅನುಭವ ಇದ್ದರೆ ಅದನ್ನು ಮೊದಲು ಬರೆಯಿರಿ. ಮುಂದಿನ ಸಭೆ ಶನಿವಾರ ಇದೆ.