ಸರ್ವೆಗೆ ಬಂದವರನ್ನು ನಾವೇನು ಕೇಳಬೇಕು? ಡಾಕ್ಟರ್ ಜೊತೆ ಪ್ರಶ್ನೋತ್ತರ

ಈ ವಾರ ಗುಂಪಿನಲ್ಲಿ ಉತ್ತರ ಕೊಡುತ್ತಿರುವವರು ಸಮುದಾಯ ವೈದ್ಯಶಾಸ್ತ್ರ ಕಲಿಸುವ, ಮಲೆನಾಡಿನ ಹಳ್ಳಿಗಳಲ್ಲಿ ಅಧ್ಯಯನ ಮಾಡುವ ವೈದ್ಯರು. ಆರೋಗ್ಯ, ಶಾಲೆ, ಕಾಡು, ಯಾವ ಸಂಶೋಧನೆಯ ಬಗ್ಗೆಯಾದರೂ ಕೇಳಿ.

ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರರು: ಡಾಕ್ಟ್ರೇ, ನಮ್ಮೂರು ಕಾಡಂಚಿನಲ್ಲಿದೆ. ಮಂಗನ ಕಾಯಿಲೆ ಕಾಣಿಸಿಕೊಂಡ ಮೇಲೆ ಯಾರಾದರೊಬ್ಬರು ಸರ್ವೆಗೆ ಬರುತ್ತಲೇ ಇರುತ್ತಾರೆ. ಉದ್ದದ ಫಾರಂ ತುಂಬಿಸುತ್ತಾರೆ, ಕೆಲವರು ರಕ್ತವನ್ನೂ ತೆಗೆಯುತ್ತಾರೆ. ಅಡಿಕೆ ಕೊನೆಕೊಯ್ಲಿನ ಹೊತ್ತಲ್ಲಿ ಅರ್ಧ ದಿನ ಅದಕ್ಕೇ ಹೋಗುತ್ತದೆ. ಆಮೇಲೆ ಅವರ ಸುದ್ದಿಯೇ ಇರುವುದಿಲ್ಲ. ಬೇಡ ಅಂದರೆ ನಾಳೆ ಆಸ್ಪತ್ರೆಯಲ್ಲಿ ತೊಂದರೆ ಆಗುತ್ತದಾ?

ಉತ್ತರ: ಬೇಡ ಅನ್ನಬಹುದು. ಅದಕ್ಕೆ ಕಾರಣ ಕೊಡಬೇಕಾಗಿಲ್ಲ. ಅರ್ಧ ಫಾರಂ ತುಂಬಿದ ಮೇಲೂ ಸಾಕು ಅನ್ನಬಹುದು. ಇದರಿಂದ ನಿಮಗೆ ಸಿಗಬೇಕಾದ ಚಿಕಿತ್ಸೆ ಒಂದಿಷ್ಟೂ ಕಡಿಮೆ ಆಗಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರಲ್ಲಿ ಹೊರಡಿಸಿದ ನೀತಿ ಮಾರ್ಗಸೂಚಿಯಲ್ಲಿ ಇದು ಸ್ಪಷ್ಟವಾಗಿದೆ.

ಆದರೆ ಬೇಡ ಅನ್ನುವ ಮೊದಲು ಅವರ ಹತ್ತಿರ ಮಾಹಿತಿ ಪತ್ರ ಕೇಳಿ. ಕನ್ನಡದಲ್ಲಿರಬೇಕು, ಒಂದು ಪ್ರತಿ ನಿಮ್ಮ ಕೈಯಲ್ಲಿ ಉಳಿಯಬೇಕು. ಅಧ್ಯಯನ ಯಾಕೆ, ರಕ್ತ ಎಷ್ಟು, ಅದು ಯಾವ ಲ್ಯಾಬಿಗೆ ಹೋಗುತ್ತದೆ, ಉಳಿದ ರಕ್ತ ಏನಾಗುತ್ತದೆ, ದುಡ್ಡು ಯಾರದ್ದು, ಇದೆಲ್ಲ ಅದರಲ್ಲಿರುತ್ತದೆ. ಕೊನೆಯಲ್ಲಿ ಮುಖ್ಯ ಸಂಶೋಧಕರ ಫೋನ್ ನಂಬರ್, ಅಧ್ಯಯನ ನೀತಿಬದ್ಧವಾಗಿದೆಯಾ ಅಂತ ನೋಡುವ ಎಥಿಕ್ಸ್ ಕಮಿಟಿಯ ನಂಬರ್ ಎರಡೂ ಇರಬೇಕು. ಎರಡನೆಯದು ಇಲ್ಲದಿದ್ದರೆ ಸಹಿ ಹಾಕಬೇಡಿ. ಓದಲು ಬಾರದವರ ಹೆಬ್ಬೆಟ್ಟು ಒತ್ತಿಸುವುದಾದರೆ ತಂಡಕ್ಕೆ ಸೇರದ ಒಬ್ಬ ಸಾಕ್ಷಿ ಪಕ್ಕದಲ್ಲಿದ್ದು ಪೂರ್ತಿ ಓದಿ ಹೇಳಿದ್ದನ್ನು ಕೇಳಿರಬೇಕು. ಜಗಲಿಯಲ್ಲಿ ಕೂತ ಅಜ್ಜಿಯ ಬೆರಳನ್ನು ಸುಮ್ನೆ ಶಾಯಿಗೆ ಅದ್ದಿಸುವುದು ಒಪ್ಪಿಗೆ ಅಲ್ಲ.

ಅರ್ಧ ದಿನ ಹೋಗುತ್ತದೆ ಅಂದಿರಿ. ಓಡಾಟದ ಖರ್ಚು, ಕಳೆದುಕೊಂಡ ಕೂಲಿ ಎರಡನ್ನೂ ಅಧ್ಯಯನದ ಬಜೆಟ್ಟಿನಿಂದ ತುಂಬಿಕೊಡಲು ಅವಕಾಶ ಇದೆ. ಕೇಳಲು ಸಂಕೋಚ ಬೇಡ. ಕೊನೆಕೊಯ್ಲು ಮುಗಿದ ಮೇಲೆ ಬನ್ನಿ ಅನ್ನುವುದಕ್ಕೂ ಸಂಕೋಚ ಬೇಡ. ಊರಿನ ಕ್ಯಾಲೆಂಡರ್ ಗೊತ್ತಿಲ್ಲದ ತಂಡಕ್ಕೆ ಊರಿನ ಕಾಯಿಲೆಯೂ ಅರ್ಥವಾಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಅದೇ ಸದಸ್ಯರು: ಸರಿ. ಆದರೆ ಇಷ್ಟು ವರ್ಷದ ಸಂಶೋಧನೆಯಿಂದ ನಮಗೆ ಸಿಕ್ಕಿದ್ದೇನು? ಕಾಯಿಲೆ ಇನ್ನೂ ಇದೆಯಲ್ಲ.

ಉತ್ತರ: ನ್ಯಾಯವಾದ ಪ್ರಶ್ನೆ. ಸ್ವಲ್ಪ ಉದ್ದ ಹೇಳುತ್ತೇನೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದವು, ಸುತ್ತಲಿನ ಊರುಗಳಲ್ಲಿ ಜನ ಜ್ವರದಿಂದ ಮಲಗಿದ್ದರು. ಹಳದಿ ಜ್ವರ ಭಾರತಕ್ಕೆ ಬಂತಾ ಅನ್ನುವ ಭಯ ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದಾಗ ಅದು ಜಗತ್ತಿಗೇ ಹೊಸ ವೈರಸ್ ಅಂತ ಗೊತ್ತಾಯಿತು. ಹರಡುವುದು ಪ್ರಾಣಿಗಳ ಮೈಗೆ ಅಂಟಿ ರಕ್ತ ಹೀರುವ ಉಣುಗಿನಿಂದ (ಉಣ್ಣೆ) ಅನ್ನುವುದೂ ಗೊತ್ತಾಯಿತು. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಇಷ್ಟು ತಿಳಿದಿದ್ದರಿಂದಲೇ ಇವತ್ತು ರೋಗಿಯನ್ನು ಮನೆಯವರು ಹೆದರದೆ ಮುಟ್ಟಿ ಆರೈಕೆ ಮಾಡಬಹುದು.

ಆಮೇಲೆ ಲಸಿಕೆ ಬಂತು. ಅದು ಎಷ್ಟು ಕೆಲಸ ಮಾಡುತ್ತದೆ ಅಂತ 2005ರಿಂದ 2010ರವರೆಗಿನ ಲೆಕ್ಕ ಹಿಡಿದು ಕರ್ನಾಟಕದಲ್ಲೇ ಒಂದು ಅಧ್ಯಯನ ಆಯಿತು. ಎರಡು ಡೋಸ್ ತೆಗೆದುಕೊಂಡವರಲ್ಲಿ ರಕ್ಷಣೆ ಶೇ. 62.4, ಬೂಸ್ಟರ್ ಕೂಡ ತೆಗೆದುಕೊಂಡವರಲ್ಲಿ ಶೇ. 82.9. ಲಸಿಕೆ ಹಾಕಿಸಿಕೊಂಡವರೇ ಕಡಿಮೆ ಅನ್ನುವುದೂ ಅದರಲ್ಲಿ ಹೊರಬಿತ್ತು. ಮುಂದೆ ಆ ಲಸಿಕೆ ಕೊಡುವುದು ನಿಂತಿತು. ಈಗ ಹೊಸ ಲಸಿಕೆಗಾಗಿ ಐಸಿಎಂಆರ್ ಕೆಲಸ ಮಾಡುತ್ತಿದೆ. ಆ ಹಳೆಯ ಫಾರಂ ಯಾರೂ ತುಂಬದಿದ್ದರೆ ಹೊಸದು ಬೇಕು ಅಂತ ವಾದಿಸಲು ಯಾರ ಕೈಯಲ್ಲೂ ಅಂಕಿ ಇರುತ್ತಿರಲಿಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇನ್ನೊಂದು. ಮೊದಲೆಲ್ಲ ಜನರಿಗೆ ಕೊಡುತ್ತಿದ್ದ ಸಲಹೆ ಒಂದೇ: ಕಾಡಿಗೆ ಹೋಗಬೇಡಿ. ಸೊಪ್ಪು, ತರಗೆಲೆ ತರುವ ಕಾಡನ್ನು, ಅಂದರೆ ಸೊಪ್ಪಿನಬೆಟ್ಟವನ್ನು ನಂಬಿ ತೋಟ ಮಾಡುವವರಿಗೆ ಈ ಮಾತು ಹೇಳಿ ಏನು ಪ್ರಯೋಜನ? ಕೊಟ್ಟಿಗೆಗೆ ದರಗು (ಉದುರಿದ ಒಣ ಎಲೆ) ಬೇಕು, ಒಲೆಗೆ ಸೌದೆ ಬೇಕು. ದರಗು ಗುಡಿಸುವುದು ಬೇಸಿಗೆಯಲ್ಲಿ, ಮರಿ ಉಣುಗು ಜಾಸ್ತಿ ಇರುವುದೂ ಅದೇ ತಿಂಗಳುಗಳಲ್ಲಿ. ಉಣುಗು ಹಿಡಿಯುವ ತಂಡದ ಜೊತೆ ಒಮ್ಮೆ ಹೋಗಿ ನೋಡಿ. ಬಿಳಿ ಫ್ಲಾನೆಲ್ ಬಟ್ಟೆಯನ್ನು ದರಗಿನ ಮೇಲೆ ನಿಧಾನಕ್ಕೆ ಎಳೆಯುತ್ತಾರೆ. ನಾಲ್ಕು ಮಾರು ಹೋಗಿ ಮಗುಚಿದರೆ ಸಾಸಿವೆಗಿಂತ ಚಿಕ್ಕ ಚುಕ್ಕಿಗಳು ಅಂಟಿಕೊಂಡು ಹರಿದಾಡುತ್ತಿರುತ್ತವೆ. ಚಿಮಟದಲ್ಲಿ ಒಂದೊಂದನ್ನೇ ಎತ್ತಿ ಬಾಟಲಿಗೆ ಹಾಕುತ್ತಾರೆ. ಅದನ್ನು ಕಣ್ಣಾರೆ ಕಂಡವರು ದರಗಿನ ರಾಶಿಯ ಮೇಲೆ ಕೂತು ಎಲೆಅಡಿಕೆ ಹಾಕುವುದಿಲ್ಲ.

2011-12ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ ನಡೆದ ಅಧ್ಯಯನ ಅಂಗಳದ ದರಗಿನ ರಾಶಿಯನ್ನೂ ದನಗಳ ಒಡನಾಟವನ್ನೂ ಕಾಯಿಲೆಯ ಜೊತೆ ಜೋಡಿಸಿ ನೋಡಿತು. ಭಾರತ ಮತ್ತು ಬ್ರಿಟನ್ನಿನ ಸಂಶೋಧಕರು ಆರೋಗ್ಯ, ಪಶುಸಂಗೋಪನೆ, ಅರಣ್ಯ ಇಲಾಖೆಯವರನ್ನು ಒಟ್ಟಿಗೆ ಕೂರಿಸಿಕೊಂಡು ಮಾಡಿದ ಇನ್ನೊಂದು ಅಧ್ಯಯನ 2020ರಲ್ಲಿ ಪ್ರಕಟವಾಯಿತು. ನಿತ್ಯಹರಿದ್ವರ್ಣ ಕಾಡೂ ತೋಟವೂ ಒಂದರೊಳಗೊಂದು ಬೆರೆತ, ನಾಟಿ ದನ ಜಾಸ್ತಿ ಇರುವ ಜಾಗಗಳಲ್ಲಿ ಅಪಾಯ ಹೆಚ್ಚು ಅಂತ ಅದು ತೋರಿಸಿತು. ಅಂದರೆ ದೂರದ ದಟ್ಟ ಕಾಡಿನಷ್ಟೇ ಗಮನವನ್ನು ನಮ್ಮ ಮನೆ ಹಿಂದಿನ ಬೇಲಿಗೂ ಕೊಡಬೇಕು. ದನಕ್ಕೆ ಕಾಯಿಲೆ ಬರುವುದಿಲ್ಲ, ಹಾಲಿನ ಭಯವೂ ಬೇಡ. ದೊಡ್ಡ ಉಣುಗುಗಳು ದನದ ರಕ್ತ ಕುಡಿದು ಸಂತಾನ ಹೆಚ್ಚಿಸಿಕೊಳ್ಳುತ್ತವೆ, ತೊಂದರೆ ಅಲ್ಲಿದೆ. ಹಾಗಾಗಿ ಈಗ ಕೊಡುವ ಸಲಹೆ ಬೇರೆ: ದರಗಿನ ರಾಶಿಯನ್ನು ಮನೆಗೆ ತಾಗಿಸಬೇಡಿ, ಹೋಗುವ ಮೊದಲು ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಹಚ್ಚಿ, ಬಂದ ಕೂಡಲೇ ಬಿಸಿನೀರು ಸ್ನಾನ ಮಾಡಿ ಬಟ್ಟೆ ಒಗೆಯಿರಿ, ದನದ ಉಣುಗಿಗೆ ಪಶುವೈದ್ಯರನ್ನು ಕೇಳಿ. ಮಂಗ ಸತ್ತಿದ್ದು ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಜ್ವರ ಬಂದರೆ ಕಾಯಬೇಡಿ. ವೈರಸ್ಸಿಗೇ ಅಂತ ಔಷಧ ಇಲ್ಲ, ಕಾಯಿಲೆ ಬಂದ ನೂರರಲ್ಲಿ ಮೂರರಿಂದ ಐದು ಜನ ಸಾಯುತ್ತಾರೆ. ಬೇಗ ಸೇರಿದರೆ ರಕ್ತಸ್ರಾವ, ಬಿಪಿ ಇಳಿಯುವುದು ಇವನ್ನೆಲ್ಲ ಸಂಭಾಳಿಸಬಹುದು.

ಒಬ್ಬ ಆಶಾ ಕಾರ್ಯಕರ್ತೆ: ಹಂದಿಗೋಡಿನ ಬಗ್ಗೆ ಏನು ಹೇಳುತ್ತೀರಿ ಸರ್? ಅಲ್ಲೂ ಎಷ್ಟೋ ತಂಡ ಬಂದು ಹೋದವು ಅಲ್ವಾ?

ಉತ್ತರ: ಬಂದವು. ಇದನ್ನು ನೀವು ಕೇಳಿದ್ದು ಒಳ್ಳೆಯದಾಯಿತು. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವಿನಲ್ಲಿ ಒಂದು ಕೀಲು-ಮೂಳೆಯ ಕಾಯಿಲೆ ಹೊರಜಗತ್ತಿಗೆ ಗೊತ್ತಾಯಿತು. ಸೊಂಟ, ಮಂಡಿಯ ನೋವಿನಿಂದ ಶುರುವಾಗಿ ನಡೆಯಲೂ ಆಗದ ಸ್ಥಿತಿಗೆ ತರುತ್ತದೆ. ಬಂದಿದ್ದು ಬಹುತೇಕ ಚನ್ನಂಗಿ, ಚಲವಾದಿ ಸಮುದಾಯದ ಕೂಲಿ ಕುಟುಂಬಗಳಿಗೆ. ಗದ್ದೆಗೆ ಹೊಡೆದ ಕೀಟನಾಶಕ ಏಡಿಗಳ ಮೂಲಕ ಮೈಸೇರಿತು ಅಂತ ಮೊದಲು ಅನುಮಾನಪಟ್ಟರು. ಮುಂದಿನ ಅಧ್ಯಯನಗಳು ಇದು ವಂಶವಾಹಿಯಲ್ಲಿ ಬರುವ ಕಾಯಿಲೆ ಅಂತ ತೋರಿಸಿದವು.

ವಿಜ್ಞಾನದ ಲೆಕ್ಕದಲ್ಲಿ ಅದು ದೊಡ್ಡ ಉತ್ತರ. ಆದರೆ ಕಾರಣ ತಿಳಿದರೂ ಗುಣಪಡಿಸುವ ಔಷಧ ಬರಲಿಲ್ಲ. ಆ ಮನೆಗಳಿಗೆ ಬೇಕಾಗಿದ್ದು ಪಿಂಚಣಿ, ಕೂತು ಮಾಡುವ ಕೆಲಸ, ನೋವಿಗೆ ಚಿಕಿತ್ಸೆ, ಮಕ್ಕಳಿಗೆ ಓದು. ಎಕ್ಸ್‌ರೇ ತೆಗೆದವರ ಕೆಲಸ ವರದಿಗೆ ಮುಗಿಯಬಾರದು, ಇವುಗಳ ಪರವಾಗಿ ಸರ್ಕಾರದ ಬಾಗಿಲು ತಟ್ಟುವವರೆಗೂ ಹೋಗಬೇಕು ಅಂತ ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಫಲಿತಾಂಶವನ್ನು ಊರಿಗೆ ಬಂದು ಕನ್ನಡದಲ್ಲಿ ಓದಿ ಹೇಳುವುದು ಉಪಕಾರ ಅಲ್ಲ, ಸಲ್ಲಿಸಬೇಕಾದ ಬಾಕಿ. ಗ್ರಾಮಸಭೆಯಲ್ಲೇ ಹೇಳಿ ಅಂತ ನೀವು ಮೊದಲೇ ಕೇಳಿ ಬರೆಸಿಕೊಳ್ಳಿ. ತಂಡದವರಿಗೆ ಮನೆ ತೋರಿಸುತ್ತಾ ಓಡಾಡುವುದು ನೀವೇ. ಆ ದಿನಗಳಿಗೆ ನಿಮಗೂ ಗೌರವಧನ ಕೊಡಿ ಅಂತ ಕೇಳುವುದರಲ್ಲಿ ತಪ್ಪಿಲ್ಲ.

ಹೊಸನಗರ ಕಡೆಯ ಶಿಕ್ಷಕಿ: ನಮ್ಮ ಶಾಲೆಯಲ್ಲಿ ಮಕ್ಕಳ ತೂಕ, ಹಿಮೋಗ್ಲೋಬಿನ್, ಓದುವ ಮಟ್ಟ ನೋಡಲು ಒಂದು ತಂಡ ಕೇಳಿದೆ. ಮುಖ್ಯ ಶಿಕ್ಷಕರು ಸಹಿ ಹಾಕಿದರೆ ಸಾಕಾ?

ಉತ್ತರ: ಸಾಲದು. ಅಪ್ಪ ಅಥವಾ ಅಮ್ಮನ ಒಪ್ಪಿಗೆ ಬೇಕು. ಏಳರಿಂದ ಹನ್ನೆರಡು ವರ್ಷದ ಮಗು ಬಾಯಿಮಾತಿನಲ್ಲಿ ಹೂಂ ಅನ್ನಬೇಕು, ಅದಕ್ಕಿಂತ ದೊಡ್ಡವರು ಬರಹದಲ್ಲಿ ಒಪ್ಪಬೇಕು. ಸೂಜಿ ಕಂಡು ಅಳುವ ಮಗುವನ್ನು ಹಿಡಿದು ಕೂರಿಸುವಂತಿಲ್ಲ. ಹಿಮೋಗ್ಲೋಬಿನ್ ಕಡಿಮೆ ಬಂದರೆ ಮನೆಯವರಿಗೆ ಯಾರು ಹೇಳುತ್ತಾರೆ, ಆಸ್ಪತ್ರೆಗೆ ಯಾರು ಕಳಿಸುತ್ತಾರೆ ಅಂತ ಮೊದಲೇ ಕೇಳಿ. ಚಿಕ್ಕವರಿಗೆ ಗುಲಾಬಿ, ದೊಡ್ಡ ಮಕ್ಕಳಿಗೆ ನೀಲಿ ಕಬ್ಬಿಣಾಂಶದ ಮಾತ್ರೆ ಸರ್ಕಾರದ ಯೋಜನೆಯಲ್ಲೇ ಇದೆ. ಅದು ನಿಮ್ಮ ಶಾಲೆಗೆ ಸರಿಯಾಗಿ ಬರುತ್ತಿದೆಯಾ ಅನ್ನುವುದೂ ಅಧ್ಯಯನದಲ್ಲಿ ಸೇರಲಿ.

ಓದಿನ ಪರೀಕ್ಷೆ ಒಳ್ಳೆಯದೇ. ಕೀನ್ಯಾದ ಹಳ್ಳಿ ಶಾಲೆಗಳಲ್ಲಿ ಮಕ್ಕಳಿಗೆ ಪಠ್ಯಪುಸ್ತಕ ಹಂಚಿ ನೋಡಿದರು. ಮೊದಲೇ ಮುಂದಿದ್ದ ಮಕ್ಕಳ ಅಂಕ ಏರಿತು, ಉಳಿದವರದ್ದು ಇದ್ದಲ್ಲೇ ಇತ್ತು. ಪುಸ್ತಕ ಇಂಗ್ಲಿಷಿನಲ್ಲಿತ್ತು, ಎಷ್ಟೋ ಮಕ್ಕಳಿಗೆ ಅದು ಮೂರನೇ ಭಾಷೆ. ಅದರಲ್ಲಿ ಕೆಲಸ ಮಾಡಿದ ಮೈಕೆಲ್ ಕ್ರೆಮರ್ ಅವರಿಗೆ 2019ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂತು. ಅಳೆಯದಿದ್ದರೆ ಪುಸ್ತಕ ಹಂಚಿದೆವು, ಕೆಲಸ ಮುಗಿಯಿತು ಅಂತಲೇ ಎಲ್ಲರೂ ಅಂದುಕೊಳ್ಳುತ್ತಿದ್ದರು. ಹಾಗಂತ ಕೀನ್ಯಾದ ಉತ್ತರವನ್ನು ಎತ್ತಿ ತಂದು ಹೊಸನಗರದಲ್ಲಿ ಇಡಲಾಗದು. ಮಳೆಗಾಲದಲ್ಲಿ ಹಳ್ಳ ತುಂಬಿ ಮಗು ಶಾಲೆಗೇ ಬರದಿದ್ದರೆ ಯಾವ ಬೋಧನಾ ವಿಧಾನ ಏನು ಮಾಡೀತು? ಹಾಜರಿ ಪುಸ್ತಕ ತೋರಿಸಿ, ಇದನ್ನು ತಂಡಕ್ಕೆ ನೀವೇ ಹೇಳಿ.

ತೀರ್ಥಹಳ್ಳಿಯ ಸದಸ್ಯರು: ಹೊರದೇಶದ ಒಬ್ಬರು ಉಪ್ಪಿನಕಾಯಿಯ ಅಪ್ಪೆಮಿಡಿ ಮಾವಿನ ಕಡ್ಡಿ, ಕಾಡುಮೆಣಸಿನ ಬಳ್ಳಿ ಕೇಳುತ್ತಿದ್ದಾರೆ. ಕೊಡಬಹುದಾ?

ಉತ್ತರ: ಸದ್ಯಕ್ಕೆ ಕೊಡಬೇಡಿ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ವಿದೇಶೀಯರು ಮೊದಲು ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಪಡೆಯಬೇಕು. ಆ ಪತ್ರ ತೋರಿಸಲು ಹೇಳಿ, ನಿಮ್ಮ ಪಂಚಾಯ್ತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೂ ತಿಳಿಸಿ.

ಶಂಕರಘಟ್ಟದ ವಿದ್ಯಾರ್ಥಿ: ನಾನು ಪರಿಸರ ವಿಜ್ಞಾನ ಎಂಎಸ್ಸಿ. ತುಂಗೆಯ ನೀರಿನ ಬಗ್ಗೆ ಪ್ರಬಂಧ ಬರೆದಿದ್ದೇನೆ. ಐದು ದಿನದಲ್ಲಿ ಪ್ರಕಟಿಸುತ್ತೇವೆ, ದುಡ್ಡು ಕಳಿಸಿ ಅಂತ ಒಂದು ಜರ್ನಲ್‌ನಿಂದ ಮೇಲ್ ಬಂದಿದೆ.

ಉತ್ತರ: ಕಳಿಸಬೇಡಿ. ಐದು ದಿನದಲ್ಲಿ ಯಾರೂ ನಿಮ್ಮ ಪ್ರಬಂಧವನ್ನು ಸರಿಯಾಗಿ ಓದಿ ತಿದ್ದಲಾರರು. ಲೇಖಕರಿಂದ ದುಡ್ಡು ಕೇಳದ ಒಳ್ಳೆಯ ಜರ್ನಲ್‌ಗಳಿವೆ, ನಿಮ್ಮ ಗೈಡ್ ಜೊತೆ ಕೂತು ಹುಡುಕಿ. ಬೇರೆಯವರ ಪ್ರಬಂಧ ಓದಲು ದುಡ್ಡಿಲ್ಲ ಅನ್ನುವ ತೊಂದರೆಯೂ ಈಗ ಕಡಿಮೆ. 2025ರ ಜನವರಿಯಿಂದ ‘ಒಂದು ದೇಶ ಒಂದು ಚಂದಾ’ ಯೋಜನೆಯಲ್ಲಿ ಸರ್ಕಾರಿ ವಿಶ್ವವಿದ್ಯಾಲಯ, ಕಾಲೇಜುಗಳಿಗೆ ಸುಮಾರು 13,000 ಜರ್ನಲ್‌ಗಳು ತೆರೆದಿವೆ. ಲಾಗಿನ್ ಹೇಗೆ ಅಂತ ಲೈಬ್ರರಿಯಲ್ಲಿ ಕೇಳಿ. ನೀರಿನ ಮಾದರಿಯನ್ನು ಯಾವ ತಿಂಗಳು, ಯಾವ ಘಟ್ಟದಲ್ಲಿ, ಮಳೆ ಬಂದ ಎಷ್ಟು ದಿನಕ್ಕೆ ತೆಗೆದಿರಿ ಅನ್ನುವುದನ್ನು ಬಿಡದೆ ಬರೆಯಿರಿ. ಎರಡು ಪುಟದ ಕನ್ನಡ ಸಾರಾಂಶ ಮಾಡಿ ನದಿ ದಂಡೆಯ ಪಂಚಾಯ್ತಿಗಳಿಗೆ ಕೊಡಿ. ಬರೆದ ಮೇಲೆ ನನಗೂ ಕಳಿಸಿ, ಓದಿ ಹೇಳುತ್ತೇನೆ.